ದೊಡ್ಡ ಸ್ವಾಮಿ ಅಬ್ಬೆ ದ್ಯುಬುವಾ: ಬಂದ ನಾಡಿನಲ್ಲಿ ನೆಲೆ ಕಂಡ ಬಗೆ

ತುಂಗಭದ್ರೆಯ ದಡದಲ್ಲಿರುವ ನಮ್ಮ ಈ ದಢೇಸುಗೂರಿನ ಸೀಮೆಯು ಬಂದು ನೆಲಸಿದವರ ಸೀಮೆಯೆಂದರೆ ತಪ್ಪಾಗಲಾರದು. 1953ರಲ್ಲಿ ತುಂಗಭದ್ರಾ ಜಲಾಶಯವು ಸಿದ್ಧವಾಗಿ, ಮುಂದೆ ಎಡದಂಡೆ ಕಾಲುವೆಯ ನೀರು ಇಲ್ಲಿಯ ಎರೆಭೂಮಿಗೆ ಹರಿದು ಬರಲು, ಆಂಧ್ರದ ಕರಾವಳಿ ಜಿಲ್ಲೆಗಳಿಂದ ಒಕ್ಕಲು ಕುಟುಂಬಗಳು ಬಂದು ಕ್ಯಾಂಪುಗಳನ್ನು ಕಟ್ಟಿಕೊಂಡವು. ಪೂರ್ವ ಬಂಗಾಳದಿಂದ ಮನೆಮಠ ತೊರೆದು ಬಂದ ನಿರಾಶ್ರಿತರಿಗೂ ಸಿಂಧನೂರಿನ ಸಮೀಪದಲ್ಲಿ ಪುನರ್ವಸತಿ ದೊರೆಯಿತು. ಕೂಲಿಗಾಗಿ, ನೌಕರಿಗಾಗಿ, ಶಾಲೆ ಆಸ್ಪತ್ರೆಗಳ ಸೇವೆಗಾಗಿ ಬಂದವರು ಇನ್ನೆಷ್ಟೋ ಮಂದಿ. ಲಿಂಗಸುಗೂರು ತಾಲ್ಲೂಕಿನ ಮುದಗಲ್ಲಿನಲ್ಲಿ ಆದಿಲಶಾಹಿ ಅರಸರ ಕಾಲದಲ್ಲಿಯೇ ಬೇರೂರಿದ ಕಥೋಲಿಕ ವಿಶ್ವಾಸವು ಕೂಡ ದೂರದ ನಾಡುಗಳಿಂದ ನಡೆದು ಬಂದ ಗುರುಗಳ ಮೂಲಕವೇ ಇಲ್ಲಿಗೆ ತಲುಪಿದುದು.

ಆದುದರಿಂದ ಶತಮಾನೋತ್ಸವದ ಈ ಸ್ಮರಣ ಸಂಚಿಕೆಯಲ್ಲಿ, ಪರದೇಶದಿಂದ ಕನ್ನಡ ನಾಡಿಗೆ ಬಂದು, ಇಲ್ಲಿ ಬಾಳುವುದು ಹೇಗೆಂಬುದನ್ನು ಮೊದಲು ತಾವು ಕಲಿತು, ಅನಂತರ ನೆಲೆ ತಪ್ಪಿದ ಜನರಿಗೆ ನೆಲೆ ಒದಗಿಸಿದ ಗುರುಗಳೊಬ್ಬರ ಜೀವನವನ್ನು ನೆನೆಯುವುದು ಉಚಿತವೆಂದು ನಾವು ಭಾವಿಸಿದ್ದೇವೆ. ಅವರೇ ಮೈಸೂರು ಸೀಮೆಯ ಜನರು ದೊಡ್ಡ ಸ್ವಾಮಿಯೆಂದು ಕರೆಯುತ್ತಿದ್ದ ಅಬ್ಬೆ ಜ್ಯಾಂ ಆಂತ್ವಾನ್ ದ್ಯುಬುವಾ ಅವರು. ಅವರು ದುಡಿದುದು ಕಾವೇರಿಯ ತೀರದಲ್ಲಿ, ನಾವಿರುವುದು ತುಂಗಭದ್ರೆಯ ತೀರದಲ್ಲಿ. ಆದರೂ ಅವರ ಬದುಕು ನಮಗೆ ಹೇಳುವ ಮಾತು ಈ ನೆಲಕ್ಕೂ ಸಲ್ಲುವಂಥದು.

ದ್ಯುಬುವಾ ಅವರು 1766ರಲ್ಲಿ ಫ್ರಾನ್ಸ್ ದೇಶದ ದಕ್ಷಿಣ ಭಾಗದಲ್ಲಿರುವ ಸೇಂ ರೆಮೇಜ್ ಎಂಬ ಹಳ್ಳಿಯಲ್ಲಿ ಜನಿಸಿದರು. ಅದು ವಿವಿಯೇರ್ ಧರ್ಮಪ್ರಾಂತ್ಯಕ್ಕೆ ಸೇರಿದ ಗುಡ್ಡಗಾಡಿನ ಊರು. ಗುರುದೀಕ್ಷೆ ಪಡೆದು ಪ್ಯಾರಿಸ್ಸಿನ ವಿದೇಶೀ ಧರ್ಮಪ್ರಚಾರ ಸಂಸ್ಥೆಯ ಮೂಲಕ ಭಾರತಕ್ಕೆ ಹೊರಟಾಗ ಅವರ ವಯಸ್ಸು 26 ಮಾತ್ರ. ಅದು 1792ನೆಯ ಇಸವಿ. ಫ್ರಾನ್ಸಿನಲ್ಲಿ ಆಗ ಕ್ರಾಂತಿಯ ಬೆಂಕಿ ಹೊತ್ತಿ ಉರಿಯುತ್ತಿದ್ದಿತು. ಹೊಸ ಸರ್ಕಾರ ವಿಧಿಸಿದ ಪ್ರಮಾಣವಚನವನ್ನು ಸ್ವೀಕರಿಸದ ಗುರುಗಳು ಸೆರೆಮನೆಗೆ ಹೋದರು, ಗಡೀಪಾರಾದರು. ಆ ವರ್ಷದ ಸೆಪ್ಟೆಂಬರಿನಲ್ಲಿ ಪ್ಯಾರಿಸ್ಸಿನ ಸೆರೆಮನೆಗಳಲ್ಲಿ ಅನೇಕ ಗುರುಗಳು ಕೊಲೆಗೀಡಾದರು. ಇಂಥ ಕಾಲದಲ್ಲಿ ನಾಡು ಬಿಟ್ಟ ಯುವಕನಿಗೆ ಹಿಂದಿರುಗಿ ನೋಡಲು ಹೆಚ್ಚೇನೂ ಉಳಿದಿರಲಿಲ್ಲ.

ಪುದುಚೇರಿಗೆ ಬಂದಿಳಿದ ಮೇಲೆ ಅವರ ಕಷ್ಟಗಳು ಕಡಿಮೆಯಾಗಲಿಲ್ಲ. 1793ರಲ್ಲಿ ಇಂಗ್ಲಿಷರಿಗೂ ಫ್ರೆಂಚರಿಗೂ ಯುದ್ಧ ಮೊದಲಾಗಿ, ಅದೇ ವರ್ಷ ಪುದುಚೇರಿಯು ಇಂಗ್ಲಿಷರ ವಶವಾಯಿತು. ಹೀಗೆ ಬಂದು ಕಾಲೂರುವ ಮೊದಲೇ ಅವರು ಆಳುವವರ ಕಣ್ಣಿಗೆ ಶತ್ರುದೇಶದ ಪ್ರಜೆಯಾದರು. ಇತ್ತ ಪ್ಯಾರಿಸ್ಸಿನ ಗುರುಮಠವನ್ನು ಕ್ರಾಂತಿಯ ಸರ್ಕಾರ ಮುಚ್ಚಿಸಿದ್ದರಿಂದ ತವರಿನಿಂದ ಬರಬೇಕಾದ ಆಧಾರವೂ ತಪ್ಪಿಹೋಯಿತು. ಪರನಾಡಿಗೆ ಬಂದವನಿಗೆ ಬೇಕಾದುದು ಮೊದಲು ಇರಲು ಅನುಮತಿ, ಉಣ್ಣಲು ಅನ್ನ, ಆಡಲು ಭಾಷೆ, ತನ್ನವನೆಂದು ಗುರುತಿಸುವ ನಾಲ್ಕು ಜನ. ಈ ನಾಲ್ಕರಲ್ಲಿ ಒಂದೂ ಅವರಿಗೆ ಸಿದ್ಧವಾಗಿರಲಿಲ್ಲ. ಅವೆಲ್ಲವನ್ನೂ ಒಂದೊಂದಾಗಿ ಅವರೇ ಸಂಪಾದಿಸಿಕೊಳ್ಳಬೇಕಾಯಿತು.

ಮೊದಲಿಗೆ ಅವರು ಕೈಹಾಕಿದುದು ತಮ್ಮ ಉಡಿಗೆ ತೊಡಿಗೆ ಮತ್ತು ದಿನಚರಿಗೆ. ಆ ಕಾಲದಲ್ಲಿ ಐರೋಪ್ಯರನ್ನು ನಮ್ಮ ಜನರು ಫರಂಗಿಗಳೆಂದು ಕರೆದು ದೂರವಿಡುತ್ತಿದ್ದರು. ಮಾಂಸ ಮದ್ಯಗಳ ಬಳಕೆ, ಸ್ನಾನ ಮಡಿಗಳ ಅಲಕ್ಷ್ಯ, ತೊಗಲಿನ ಪಾದರಕ್ಷೆ ಧರಿಸಿ ಮನೆಯೊಳಗೆ ನುಗ್ಗುವ ರೂಢಿ, ಇವು ನೆರೆಹೊರೆಯವರಿಗೆ ಅಸಹ್ಯವಾಗಿದ್ದವು. ಮದುರೆಗೆ 1606ರಲ್ಲಿ ಬಂದ ಯೇಸುಸಭೆಯ ರಾಬರ್ಟ್ ದೆ ನೊಬಿಲಿ ಅವರೂ, 17ನೆಯ ಶತಮಾನದ ನಡುವಿನಲ್ಲಿ ಶ್ರೀರಂಗಪಟ್ಟಣಕ್ಕೆ ಬಂದ ಲಿಯೊನಾರ್ಡೊ ಚಿನ್ನಾಮಿ ಅವರೂ ಇದನ್ನು ಅರಿತು ಸಂನ್ಯಾಸಿಗಳಂತೆ ಬಾಳಿದ್ದರು. ದ್ಯುಬುವಾ ಅವರು ಹಿಡಿದುದೂ ಅದೇ ದಾರಿಯನ್ನು. ಐರೋಪ್ಯರ ಸಹವಾಸವನ್ನು ಬಿಟ್ಟರು. ಈ ನಾಡಿನವರ ಉಡುಪನ್ನು ತೊಟ್ಟು, ತಲೆಗೆ ಮುಂಡಾಸು ಸುತ್ತಿದರು. ಜನರ ನಡುವೆ ಇದ್ದಷ್ಟು ಕಾಲವೂ ಜನರಂತೆಯೇ ಬಾಳಬೇಕು, ಅವರ ಆಚಾರಗಳ ಬಗೆಗೆ ಮುಖ ಸಿಂಡರಿಸಬಾರದು ಎಂಬುದನ್ನು ನಿಯಮವಾಗಿ ಪಾಲಿಸಿದರೆಂದು ಅವರೇ ತಮ್ಮ ಗ್ರಂಥದಲ್ಲಿ ತಿಳಿಸಿದ್ದಾರೆ. ಎಲ್ಲ ಜಾತಿ ಅಂತಸ್ತುಗಳ ಜನರೂ ಅವರನ್ನು ಮನೆಯಂಗಳಕ್ಕೆ ಕರೆದು ಕೂರಿಸುವಂತಾದುದಕ್ಕೆ ಈ ನಡೆಯೇ ಕಾರಣ.

ಇದನ್ನು ಕೇವಲ ವೇಷವೆಂದು ಎಣಿಸುವುದು ಸರಿಯಲ್ಲ. ಬಟ್ಟೆಯನ್ನು ಒಂದು ದಿನದಲ್ಲಿ ಬದಲಿಸಬಹುದು. ಆದರೆ ಊಟದ ರುಚಿಯನ್ನು, ಕುಳಿತುಕೊಳ್ಳುವ ಬಗೆಯನ್ನು, ಸಿಟ್ಟು ಬಂದಾಗ ಬಾಯಿಗೆ ಬರುವ ಮಾತನ್ನು ಬದಲಿಸುವುದಕ್ಕೆ ವರುಷಗಳೇ ಬೇಕು. ಭಾಷೆಯ ವಿಷಯದಲ್ಲಿಯೂ ಅವರು ಹಾಗೆಯೇ ನಡೆದರು. ಮೊದಲ ಕೆಲವು ವರ್ಷಗಳು ತಮಿಳು ಸೀಮೆಯಲ್ಲಿ ದುಡಿದರು, ಅನಂತರ ಕನ್ನಡ ನಾಡಿಗೆ ಬಂದರು. ಮುಂದೆ ಅವರು ಪಂಚತಂತ್ರದ ಕಥೆಗಳನ್ನು ಫ್ರೆಂಚ್ ಭಾಷೆಗೆ ತಂದಾಗ ತಮಿಳು, ತೆಲುಗು, ಕನ್ನಡ ಈ ಮೂರೂ ಭಾಷೆಗಳ ಪಾಠಗಳನ್ನು ಬಳಸಿಕೊಂಡರು. ಆ ಅನುವಾದವು 1826ರಲ್ಲಿ ಪ್ಯಾರಿಸ್ಸಿನಲ್ಲಿ ಅಚ್ಚಾಯಿತು. ನಮ್ಮ ಹಳ್ಳಿಗಳ ಕಟ್ಟೆಯ ಮೇಲೆ ಹೇಳಿ ಕೇಳುತ್ತಿದ್ದ ನರಿ, ಕಾಗೆ, ಆಮೆಗಳ ಕಥೆಗಳು ಒಬ್ಬ ಗುರುವಿನ ಲೇಖನಿಯ ಮೂಲಕ ಫ್ರಾನ್ಸನ್ನು ಸೇರಿದುದು ಕನ್ನಡಿಗರಾದ ನಮಗೆ ಸಂತೋಷದ ಸಂಗತಿಯೇ ಸರಿ.

1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆ ಬಿದ್ದು ಟಿಪ್ಪು ಸುಲ್ತಾನನು ಮಡಿದನು. ಅಲ್ಲಿಂದ ದ್ಯುಬುವಾ ಅವರ ಜೀವನದ ಮುಖ್ಯ ಅಧ್ಯಾಯವು ತೆರೆಯುತ್ತದೆ. ಮೈಸೂರು ಪ್ರಾಂತ್ಯದ ಕ್ರೈಸ್ತರ ಸ್ಥಿತಿಯು ಆಗ ಶೋಚನೀಯವಾಗಿದ್ದಿತು. 1773ರಲ್ಲಿ ಯೇಸುಸಭೆಯು ರದ್ದಾದಂದಿನಿಂದ ಗುರುಗಳ ಸಂಖ್ಯೆ ಇಳಿಮುಖವಾಗುತ್ತ ಬಂದು, ಧರ್ಮಪ್ರಚಾರದ ಭಾರವು ಪ್ಯಾರಿಸ್ ಸಂಸ್ಥೆಯ ಕೆಲವೇ ಗುರುಗಳ ಹೆಗಲೇರಿದ್ದಿತು. 1784ರಲ್ಲಿ ಕೆನರಾ ಸೀಮೆಯಿಂದ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ಯಲಾಗಿದ್ದಿತು. ಅವರಲ್ಲಿ ಬಹಳ ಮಂದಿ ದಾರಿಯಲ್ಲಿಯೂ ಸೆರೆಯಲ್ಲಿಯೂ ಅಳಿದುಹೋದರು, ಅನೇಕರು ಒತ್ತಾಯದಿಂದ ಮತಾಂತರಗೊಂಡರು. ಹದಿನೈದು ವರ್ಷಗಳ ಬಳಿಕ ಬಿಡುಗಡೆಯಾದಾಗ ಊರಿಗೆ ಮರಳಿದವರು ಕೆಲವರು, ಮರಳಲು ಊರೇ ಇಲ್ಲದೆ ಉಳಿದವರು ಕೆಲವರು. ಈ ಚದುರಿದ ಮಂದೆಯನ್ನು ಮತ್ತೆ ಒಂದುಗೂಡಿಸಲು ದ್ಯುಬುವಾ ಅವರನ್ನು ಮೈಸೂರಿಗೆ ಕರೆಸಲಾಯಿತು. ಕರ್ನಲ್ ಆರ್ಥರ್ ವೆಲ್ಲೆಸ್ಲಿಯ ಶಿಫಾರಸಿನ ಮೇರೆಗೆ ಈ ಕರೆ ಬಂದಿತೆಂದು ಹೇಳಲಾಗುತ್ತದೆ. ಫ್ರೆಂಚರೊಡನೆ ಯುದ್ಧದಲ್ಲಿ ತೊಡಗಿದ್ದ ಇಂಗ್ಲಿಷರೇ ಫ್ರೆಂಚ್ ಗುರುವೊಬ್ಬನನ್ನು ನಂಬಿದರೆಂಬುದು ಅವರ ನಡತೆಗೆ ದೊರೆತ ಸಾಕ್ಷ್ಯವೆನ್ನಬಹುದು.

ಮರಳಿ ಬಂದವರನ್ನು ಧರ್ಮಸಭೆಗೆ ಸೇರಿಸಿಕೊಳ್ಳುವುದು ಪ್ರಾರ್ಥನೆಯಿಂದ ಮಾತ್ರ ಮುಗಿಯುವ ಕಾರ್ಯವಾಗಿರಲಿಲ್ಲ. ಹದಿನೈದು ವರ್ಷಗಳಲ್ಲಿ ಮದುವೆಗಳಾಗಿದ್ದವು, ಮಕ್ಕಳು ಹುಟ್ಟಿದ್ದರು, ಹೆಸರುಗಳು ಬದಲಾಗಿದ್ದವು, ಹೊಲಮನೆಗಳು ಕೈತಪ್ಪಿದ್ದವು. ಬಂಧುಗಳೇ ಬಂಧುಗಳನ್ನು ಪಂಕ್ತಿಗೆ ಸೇರಿಸಿಕೊಳ್ಳಲು ಹಿಂಜರಿಯುವ ಕಾಲವದು. ಜ್ಞಾನಸ್ನಾನ ಪಡೆದವನಾದರೂ ಹಸಿದವನು, ಸೂರಿಲ್ಲದವನು, ನೆರೆಯವರು ಒಪ್ಪದವನು ಭಾನುವಾರದ ಪೂಜೆಗೆ ಎಷ್ಟು ದಿನ ಬಂದಾನು? ದ್ಯುಬುವಾ ಅವರು ಇದನ್ನು ಚೆನ್ನಾಗಿ ಮನಗಂಡಿದ್ದರು. ಹೊಸ ನಾಡಿನಲ್ಲಿ ನೆಲೆಯಿಲ್ಲದೆ ಅಲೆದ ಅನುಭವವು ಅವರಿಗೂ ಇದ್ದಿತಷ್ಟೆ.

ಆದುದರಿಂದ ಅವರು ಭೂಮಿಯ ಕಡೆಗೆ ತಿರುಗಿದರು. ದಾರಿದ್ರ್ಯಕ್ಕೆ ಸಿಲುಕಿದ ಕ್ರೈಸ್ತ ಕುಟುಂಬಗಳಿಗಾಗಿ ಬೇಸಾಯದ ವಸತಿಗಳನ್ನು ಸ್ಥಾಪಿಸಿದರು. ಅವುಗಳಲ್ಲಿ ಮುಖ್ಯವಾದುದು ಹಾಸನದ ಬಳಿಯ ಸಾತಳ್ಳಿ. ಬೇಸಾಯಗಾರರಾದ ನಮ್ಮ ವಾಚಕರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೊಸ ಊರು ಕಟ್ಟುವುದೆಂದರೆ ಮೊದಲು ನೀರು ನೋಡಬೇಕು, ಎತ್ತು ನೇಗಿಲು ಹೊಂದಿಸಬೇಕು, ಬಿತ್ತನೆಯ ಬೀಜ ತರಬೇಕು, ಮೊದಲ ಫಸಲು ಕೈಗೆ ಬರುವವರೆಗೆ ಹೊಟ್ಟೆಗೆ ದಾರಿ ಕಾಣಬೇಕು, ಕಂದಾಯದವರಿಗೆ ಉತ್ತರ ಹೇಳಬೇಕು, ಸುತ್ತಲ ಹಳ್ಳಿಗಳವರೊಡನೆ ಹೊಂದಿಕೊಂಡು ಹೋಗಬೇಕು. ಇದೆಲ್ಲವೂ ನಡೆದ ಮೇಲೆ ಅಲ್ಲವೇ ಊರ ನಡುವೆ ಶಿಲುಬೆ ನಿಲ್ಲುವುದು? ಸಾತಳ್ಳಿಯ ಸುತ್ತಲಿನ ಕ್ರೈಸ್ತ ಒಕ್ಕಲುಗಳು ಮುಂದಿನ ತಲೆಮಾರುಗಳಲ್ಲಿಯೂ ಬಾಳಿ ಬೆಳೆದವು. ಹಾಸನ ಸೀಮೆಯ ಕಥೋಲಿಕ ಸಮುದಾಯದ ಕಥೆಯನ್ನು ಹೇಳುವವರು ಇಂದಿಗೂ ಈ ವಸತಿಯಿಂದ ಮೊದಲು ಮಾಡುತ್ತಾರೆ.

ನೆಲೆಯಾದ ಜನರನ್ನು ಅಳಿಸಿಹಾಕುವ ಇನ್ನೊಂದು ಶತ್ರು ಆಗ ಇದ್ದಿತು. ಅದೇ ಸಿಡುಬು. ಇಂಗ್ಲೆಂಡಿನ ವೈದ್ಯ ಎಡ್ವರ್ಡ್ ಜೆನ್ನರ್ 1796ರಲ್ಲಿ ಕಂಡುಹಿಡಿದ ಗೋವಿನ ಸಿಡುಬಿನ ಚುಚ್ಚುಮದ್ದು 1802ರ ಜೂನ್ ತಿಂಗಳಲ್ಲಿ ಮುಂಬಯಿಗೆ ತಲುಪಿತು. ನಮ್ಮ ಹಿರಿಯರು ದೇವಿ ಹಾಕಿಸುವುದು ಎನ್ನುತ್ತಿದ್ದುದು ಇದನ್ನೇ. ಆ ಕಾಲದಲ್ಲಿ ಮದ್ದನ್ನು ಶೀಶೆಯಲ್ಲಿ ಕೂಡಿಡುವ ಅನುಕೂಲವಿರಲಿಲ್ಲ. ಒಂದು ಮಗುವಿನ ತೋಳಿನಲ್ಲಿ ಎದ್ದ ಗುಳ್ಳೆಯಿಂದ ಸುಮಾರು ಎಂಟನೆಯ ದಿನ ರಸ ತೆಗೆದು ಇನ್ನೊಂದು ಮಗುವಿನ ತೋಳಿಗೆ ಹಾಕಬೇಕು. ಎಲ್ಲಿಯಾದರೂ ಈ ಸರಪಳಿ ಕಡಿದರೆ ಮದ್ದೇ ಇಲ್ಲದಂತಾಗುವುದು. ಹೀಗಾಗಿ ತಾಯಿಯೊಬ್ಬಳು ತನ್ನ ಕೂಸಿನ ತೋಳನ್ನು ನಂಬಿಕೆಯಿಂದ ಮುಂದೆ ಚಾಚಿದರೆ ಮಾತ್ರ ಕೆಲಸ ಸಾಗುತ್ತಿದ್ದಿತು. ಸಿಡುಬನ್ನು ದೇವಿಯ ಮುನಿಸೆಂದು ಬಗೆದಿದ್ದ ನಾಡಿನಲ್ಲಿ ಆ ನಂಬಿಕೆಯನ್ನು ಸರ್ಕಾರದ ಅಪ್ಪಣೆಯಿಂದ ಪಡೆಯುವುದು ಸಾಧ್ಯವಿರಲಿಲ್ಲ. ಅಂಗಳಕ್ಕೆ ಬಂದು ಕುಳಿತು ಮಾತನಾಡುವ ದೊಡ್ಡ ಸ್ವಾಮಿಗೆ ಅದು ಸಾಧ್ಯವಾಯಿತು. ಪೂರ್ಣಯ್ಯನವರು ಮೈಸೂರಿನ ದಿವಾನರಾಗಿದ್ದ ಆ ದಿನಗಳಲ್ಲಿ, 1803 ಮತ್ತು 1804ರಲ್ಲಿ, 25,000ಕ್ಕೂ ಮಿಕ್ಕ ಜನರಿಗೆ ಚುಚ್ಚುಮದ್ದು ಹಾಕಿ ಪಟ್ಟಿಯಲ್ಲಿ ಹೆಸರು ಬರೆದ ಕಾರ್ಯದಲ್ಲಿ ಅವರ ಪಾಲು ಹಿರಿದು. ಕ್ರೈಸ್ತರು, ಹಿಂದೂಗಳು, ಮುಸಲ್ಮಾನರು ಎಂದು ರೋಗವು ಭೇದವೆಣಿಸದು, ಮದ್ದು ಕೂಡ ಎಣಿಸಲಿಲ್ಲ. ಆ ಸಿಡುಬು ಜಗತ್ತಿನಿಂದ ನಿರ್ಮೂಲವಾಯಿತೆಂದು ವಿಶ್ವ ಆರೋಗ್ಯ ಸಂಸ್ಥೆ 1980ರಲ್ಲಿ ಸಾರಿತು. ಆ ದೊಡ್ಡ ಜಯದ ಮೊದಲ ಹೆಜ್ಜೆಗಳಲ್ಲಿ ಒಂದು ನಮ್ಮ ಕನ್ನಡ ನಾಡಿನ ಗುರುವೊಬ್ಬರದೆಂದು ನಾವು ನೆನೆಯಬಹುದು.

ದ್ಯುಬುವಾ ಅವರ ಹೆಸರು ಲೋಕದಲ್ಲಿ ಹರಡಿದುದು ಈ ಕೆಲಸಗಳಿಂದಲ್ಲ, ಹಿಂದೂಗಳ ನಡೆನುಡಿ ಆಚಾರಗಳನ್ನು ಕುರಿತ ಅವರ ಗ್ರಂಥದಿಂದ. ಅದರ ಫ್ರೆಂಚ್ ಹಸ್ತಪ್ರತಿಯನ್ನು ಮೈಸೂರಿನ ರೆಸಿಡೆಂಟರಾಗಿದ್ದ ಮಾರ್ಕ್ ವಿಲ್ಕ್ಸ್ ಮೆಚ್ಚಿ ಮದರಾಸಿಗೆ ಕಳುಹಿಸಿದರು. 1807ರಲ್ಲಿ ಈಸ್ಟ್ ಇಂಡಿಯಾ ಕಂಪನಿಯು ಅದನ್ನು 2,000 ವರಹಗಳಿಗೆ ಕೊಂಡುಕೊಂಡಿತು. 1816ರ ಸುಮಾರಿಗೆ ಇಂಗ್ಲಿಷ್ ಅನುವಾದವು ಹೊರಬಂದಿತು, ತಿದ್ದಿ ಬೆಳೆಸಿದ ಫ್ರೆಂಚ್ ಆವೃತ್ತಿ 1825ರಲ್ಲಿ ಪ್ಯಾರಿಸ್ಸಿನಲ್ಲಿ ಪ್ರಕಟವಾಯಿತು, 1897ರಲ್ಲಿ ಹೆನ್ರಿ ಬೋಚಾಂಪ್ ಅದನ್ನು ಹೊಸದಾಗಿ ಸಂಪಾದಿಸಿದರು. ಆದರೆ ಸತ್ಯಕ್ಕೆ ಅಂಜಬೇಕಾದ ನಾವು ಇನ್ನೊಂದು ಸಂಗತಿಯನ್ನೂ ಹೇಳಲೇಬೇಕು. ಈ ಗ್ರಂಥದ ಬಹುಭಾಗವು ಪುದುಚೇರಿಯಲ್ಲಿದ್ದ ಯೇಸುಸಭೆಯ ವಿದ್ವಾಂಸ ಗುರು ಕೆರ್ದೂ ಅವರ ಹಳೆಯ ಬರಹವನ್ನು ಆಧರಿಸಿದೆಯೆಂದು ಸಿಲ್ವಿಯಾ ಮ್ಯುರ್ ಎಂಬ ಫ್ರೆಂಚ್ ಸಂಶೋಧಕಿ 1987ರಲ್ಲಿ ತೋರಿಸಿಕೊಟ್ಟರು. ದ್ಯುಬುವಾ ಅವರು ಆ ಋಣವನ್ನು ಗ್ರಂಥದಲ್ಲಿ ಹೆಸರಿಸಲಿಲ್ಲ. ನಮ್ಮ ಜನರ ಬಗೆಗೆ ಅಲ್ಲಲ್ಲಿ ಕಟುವಾದ ತೀರ್ಪನ್ನೂ ಕೊಟ್ಟಿದ್ದಾರೆ, ಜಾತಿಪದ್ಧತಿಯನ್ನು ಸಮರ್ಥಿಸಿಯೂ ಬರೆದಿದ್ದಾರೆ. ಅವನ್ನು ನಾವು ಇಂದು ಒಪ್ಪಲಾರೆವು. ದೊಡ್ಡವರ ಗುಣವನ್ನು ನೆನೆಯುವಾಗ ಕೊರತೆಯನ್ನು ಮುಚ್ಚಿಡುವುದು ಅವರಿಗೂ ಗೌರವವಲ್ಲ, ನಮಗೂ ಶ್ರೇಯಸ್ಸಲ್ಲ.

ಅವರೇ ತಮ್ಮ ಬಗೆಗೆ ಹೇಳಿಕೊಂಡ ತೀರ್ಪು ಇನ್ನೂ ಕಟುವಾದುದು. ಭಾರತದಲ್ಲಿ ಕ್ರೈಸ್ತಧರ್ಮದ ಸ್ಥಿತಿಯನ್ನು ಕುರಿತು 1823ರಲ್ಲಿ ಪ್ರಕಟಿಸಿದ ಪತ್ರಗಳಲ್ಲಿ, ಇಪ್ಪತ್ತೈದು ವರ್ಷಗಳ ದುಡಿಮೆಯಲ್ಲಿ ದೇಶೀಯ ಗುರುವೊಬ್ಬರ ನೆರವಿನಿಂದ ತಾವು ಧರ್ಮಕ್ಕೆ ತಂದವರು ಇನ್ನೂರು ಮುನ್ನೂರು ಜನ ಮಾತ್ರವೆಂದೂ, ಅವರಲ್ಲಿ ಹೆಚ್ಚಿನವರು ಸಮಾಜವು ಹೊರಗಿಟ್ಟ ಬಡವರೆಂದೂ ಅವರು ಬರೆದರು. ಈ ನಾಡು ಒಟ್ಟಾಗಿ ಕ್ರಿಸ್ತರ ಕಡೆಗೆ ತಿರುಗುವ ಭರವಸೆಯು ತಮಗಿಲ್ಲವೆಂದು ಸಾರಿದರು. ಅದನ್ನು ಓದಿ ಹಲವರು ಕೆರಳಿದರು, ಪ್ರೊಟೆಸ್ಟಂಟ್ ಬೋಧಕರು ಉತ್ತರಗಳನ್ನು ಬರೆದರು. ಮೂವತ್ತು ವರ್ಷ ದುಡಿದ ಗುರುವಿನ ಲೇಖನಿಯಿಂದ ಇಂಥ ಮಾತು ಹೊರಟಾಗ ಓದುವ ಶ್ರದ್ಧಾಳುವಿನ ಮನಸ್ಸು ನೋಯುವುದು ಸಹಜ.

ಆದರೆ ಲೆಕ್ಕ ಬರೆಯುವಾಗ ಅವರು ಯಾವುದನ್ನು ಎಣಿಸಿದರು, ಯಾವುದನ್ನು ಬಿಟ್ಟರೆಂಬುದನ್ನು ನಾವು ಯೋಚಿಸಬೇಕು. ಸಾತಳ್ಳಿಯಲ್ಲಿ ಒಲೆ ಹೊತ್ತಿಸಿದ ಮನೆಗಳು ಆ ಲೆಕ್ಕದಲ್ಲಿಲ್ಲ. ಸಿಡುಬಿನಿಂದ ಪಾರಾದ ಮಕ್ಕಳೂ ಇಲ್ಲ. ಸೆರೆಯಿಂದ ಮರಳಿ ಬಂದು ಮತ್ತೆ ಬಲಿಪೀಠದ ಮುಂದೆ ಮೊಣಕಾಲೂರಿದವರು ಹೊಸಬರಲ್ಲವಾದುದರಿಂದ ಅವರೂ ಇಲ್ಲ. ಅವರು ದೊಡ್ಡ ಕಾರ್ಯವೆಂದು ಎಣಿಸಿದ್ದು ಕೈಗೂಡಲಿಲ್ಲ, ಆದರೆ ದಾರಿಯಲ್ಲಿ ದಿನದಿನದ ಅಗತ್ಯವೆಂದು ಮಾಡಿದ್ದು ಉಳಿಯಿತು. ಅವರನ್ನು ಸೋತವರೆಂದು ಕರೆಯಲು ನಮಗೆ ಮನಸ್ಸಾಗದು. ಮೈಸೂರು ಪ್ರಾಂತ್ಯವು 19ನೆಯ ಶತಮಾನದ ನಡುವಿನಲ್ಲಿ ಪುದುಚೇರಿಯಿಂದ ಬೇರ್ಪಟ್ಟು ಸ್ವತಂತ್ರ ಧರ್ಮಕ್ಷೇತ್ರವಾದಾಗ ಅಲ್ಲಿ ಕಾದಿದ್ದುದು ಬರಿಯ ಬಯಲಲ್ಲ, ನೆಲೆಗೊಂಡ ಜನ.

1823ರ ಜನವರಿ 15ರಂದು ದ್ಯುಬುವಾ ಅವರು ಭಾರತವನ್ನು ಬಿಟ್ಟರು. ಕಂಪನಿಯು ಅವರಿಗೆ ವಿಶೇಷ ನಿವೃತ್ತಿವೇತನವನ್ನು ಗೊತ್ತುಪಡಿಸಿತು. ಮೂವತ್ತು ವರ್ಷಗಳ ಬಳಿಕ ಸ್ವಂತ ನಾಡಿಗೆ ಮರಳಿದಾಗ ಆ ನಾಡು ಬದಲಾಗಿದ್ದಿತು. ತಾವು ಹೊರಟಾಗ ಇದ್ದ ಅರಸೊತ್ತಿಗೆಯು ಹೋಗಿ, ಗಣರಾಜ್ಯ ಬಂದು, ನೆಪೋಲಿಯನ್ನನ ಸಾಮ್ರಾಜ್ಯವು ಎದ್ದು ಬಿದ್ದು, ಮತ್ತೆ ಅರಸರು ಬಂದಿದ್ದರು. ಹೀಗೆ ಅವರು ತಮ್ಮ ಬಾಳಿನಲ್ಲಿ ಎರಡನೆಯ ಬಾರಿಗೆ ಹೊಸಬರಾದರು. ಪ್ಯಾರಿಸ್ಸಿನಲ್ಲಿ ಮತ್ತೆ ತೆರೆದಿದ್ದ ಗುರುಮಠದಲ್ಲಿ ನಿರ್ದೇಶಕರಾಗಿ, 1836ರಿಂದ 1839ರವರೆಗೆ ಅದರ ಶ್ರೇಷ್ಠಾಧಿಕಾರಿಯಾಗಿ ಸೇವೆ ಸಲ್ಲಿಸಿದರು. ಪರದೇಶಗಳಿಗೆ ಹೊರಡಲಿದ್ದ ಯುವಗುರುಗಳ ನಡುವೆಯೇ ಅವರ ಕೊನೆಯ ದಿನಗಳು ಕಳೆದವು. 1848ರ ಫೆಬ್ರವರಿ 17ರಂದು, 82ನೆಯ ವಯಸ್ಸಿನಲ್ಲಿ ಅವರು ಪ್ರಭುವಿನಲ್ಲಿ ನಿದ್ರಿಸಿದರು. ಅದಾದ ಒಂದೇ ವಾರದಲ್ಲಿ ಪ್ಯಾರಿಸ್ಸಿನಲ್ಲಿ ಮತ್ತೊಂದು ಕ್ರಾಂತಿ ಎದ್ದಿತು.

ಪ್ರಿಯ ವಾಚಕರೇ, ಈ ಚರಿತ್ರೆಯನ್ನು ನಾವು ಇಲ್ಲಿ ಬರೆದುದು ಹಳೆಯ ಕಾಲದ ಹೊಗಳಿಕೆಗಾಗಿ ಅಲ್ಲ. ಇಂದಿಗೂ ನಮ್ಮ ಸೀಮೆಗೆ ಜನರು ಬರುತ್ತಲೇ ಇದ್ದಾರೆ. ಭತ್ತದ ನಾಟಿಗೆ, ಕಟಾವಿಗೆ, ಅಕ್ಕಿ ಗಿರಣಿಗಳ ಕೆಲಸಕ್ಕೆ, ಶಾಲೆಗಳ ಉಪಾಧ್ಯಾಯ ವೃತ್ತಿಗೆ ಬರುವವರಿದ್ದಾರೆ. ನಮ್ಮ ಮಕ್ಕಳು ಕೂಡ ಬೆಂಗಳೂರಿಗೆ, ಕೊಲ್ಲಿ ದೇಶಗಳಿಗೆ ಹೋಗಿ ಅಲ್ಲಿ ಹೊಸಬರಾಗುತ್ತಿದ್ದಾರೆ. ಹೊಸದಾಗಿ ಬಂದ ಕುಟುಂಬವೊಂದು ಭಾನುವಾರ ನಮ್ಮ ದೇವಾಲಯದ ಕೊನೆಯ ಸಾಲಿನಲ್ಲಿ ಕುಳಿತಾಗ ಅವರನ್ನು ಕಾಡುವ ಚಿಂತೆಗಳನ್ನು ನಾವು ಬಲ್ಲೆವು. ಬಾಡಿಗೆಗೆ ಮನೆ ಎಲ್ಲಿ ಸಿಕ್ಕೀತು, ರೇಷನ್ ಕಾರ್ಡಿಗೆ ಯಾವ ಕಚೇರಿಗೆ ಹೋಗಬೇಕು, ವರ್ಗಾವಣೆ ಪತ್ರ ತಾರದ ಮಗುವನ್ನು ಶಾಲೆಗೆ ಸೇರಿಸಿಕೊಂಡಾರೋ ಇಲ್ಲವೋ, ರಾತ್ರಿ ಜ್ವರ ಬಂದರೆ ಯಾರ ಬಾಗಿಲು ತಟ್ಟಬೇಕು ಎಂಬ ಚಿಂತೆಗಳವು. ಇವನ್ನು ಲೌಕಿಕವೆಂದು ಬದಿಗೆ ಸರಿಸಿ ಪ್ರಾರ್ಥನೆಯನ್ನಷ್ಟೇ ಅವರಿಂದ ಕೇಳುವುದು ದೊಡ್ಡ ಸ್ವಾಮಿಯು ತೋರಿದ ದಾರಿಯಲ್ಲ.

ಶತಮಾನವನ್ನು ಪೂರೈಸಿದ ಧರ್ಮಕೇಂದ್ರಕ್ಕೆ ಹೊಸ ಗೋಪುರ, ಹೊಸ ಗಂಟೆಗಳು ಶೋಭೆ ತರುವುದು ನಿಜ. ಅವುಗಳೊಡನೆ, ಪೂಜೆ ಮುಗಿದ ಬಳಿಕ ಹೊಸಬರ ಬಳಿಗೆ ಹೋಗಿ ಹೆಸರು ಕೇಳಿ, ಸೋಮವಾರ ಬೆಳಿಗ್ಗೆ ಅವರೊಡನೆ ಕಚೇರಿಯವರೆಗೆ ನಡೆದು ಹೋಗುವ ಒಬ್ಬಿಬ್ಬರಾದರೂ ಪ್ರತಿ ಬೀದಿಯಲ್ಲಿ ಇರಲೆಂದು ನಾವು ಆಶಿಸುತ್ತೇವೆ. ಪರದೇಶಿಯಾಗಿ ಬಂದು ಈ ಕನ್ನಡ ನೆಲದಲ್ಲಿ ಬಡವರಿಗೆ ಮನೆ, ಹೊಲ, ಆರೋಗ್ಯಗಳನ್ನು ಒದಗಿಸಿದ ಅಬ್ಬೆ ದ್ಯುಬುವಾ ಅವರ ಆತ್ಮಕ್ಕೆ ಪ್ರಭು ಕ್ರಿಸ್ತರು ನಿತ್ಯ ವಿಶ್ರಾಂತಿಯನ್ನು ದಯಪಾಲಿಸಲಿ. ಎರಡನೆಯ ಶತಮಾನಕ್ಕೆ ಕಾಲಿಡುತ್ತಿರುವ ನಮ್ಮ ಧರ್ಮಕೇಂದ್ರದಲ್ಲಿ ಯಾರೂ ಬಹುಕಾಲ ಹೊಸಬರಾಗಿ ಉಳಿಯದಂತೆ ನಡೆದುಕೊಳ್ಳುವ ಮನಸ್ಸನ್ನು ನಮಗೆಲ್ಲರಿಗೂ ಕರುಣಿಸಲಿ.